ಫುಟ್‌ಪಾತಿನ ಅಂಗಡಿ ಎತ್ತಬೇಕೇ? ಒಬ್ಬನೇ ಬರೆದ ಪರ-ವಿರೋಧ

ಪ್ರಶ್ನೆ ಇಷ್ಟೇ. ಬೆಂಗಳೂರಿನ ಫುಟ್‌ಪಾತಿನ ಮೇಲೆ ಹೂವು, ಹಣ್ಣು, ಸೊಪ್ಪು, ಬಟ್ಟೆ, ಮೊಬೈಲ್ ಕವರ್ ಇಟ್ಟುಕೊಂಡು ಕೂತವರನ್ನು ಎಬ್ಬಿಸಬೇಕೋ, ಬೇಡವೋ? ನಾನು ಮಲ್ಲೇಶ್ವರದವನು. ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಈ ವಿಷಯದಲ್ಲಿ ನನಗೆ ಸೋಮವಾರ ಒಂದು ಅಭಿಪ್ರಾಯ, ಶುಕ್ರವಾರ ಇನ್ನೊಂದು. ಸೋಮವಾರ ಅಮ್ಮನನ್ನು ಫಿಸಿಯೋಥೆರಪಿಗೆ ನಡೆಸಿಕೊಂಡು ಹೋಗುವ ದಿನ. ಶುಕ್ರವಾರ ಹೂವು ತರುವ ದಿನ. ಎರಡು ದಿನದ ಜಗಳವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಒಂದು ಸ್ವಲ್ಪ ಉದ್ದ ಆಗಿದೆ, ಏನು ಮಾಡಲಿ.

ಪರ: ಸೋಮವಾರದ ಮಾತು

ಅಮ್ಮನಿಗೆ 78 ವರ್ಷ. ಮಂಡಿ ಆಪರೇಷನ್ ಆದ ಮೇಲೆ ವಾಕರ್ ಹಿಡಿದು ನಡೆಯುತ್ತಾಳೆ. ಕ್ಲಿನಿಕ್ಕು ಮನೆಯಿಂದ 400 ಮೀಟರ್ ದೂರ. ಇಷ್ಟು ಹತ್ತಿರಕ್ಕೆ ಆಟೋದವರು ಬರುವುದಿಲ್ಲ. ಬಂದರೂ ಅಮ್ಮ ಹತ್ತುವುದಿಲ್ಲ. ಡಾಕ್ಟರು ನಡೆಯಿರಿ ಅಂದಿದ್ದಾರೆ ತಾನೇ, ನಡೆದೇ ಹೋಗಬೇಕು ಅನ್ನುವ ಹಟ.

ಈ 400 ಮೀಟರಿನಲ್ಲಿ ಅವಳು ಫುಟ್‌ಪಾತಿನಿಂದ ಏಳು ಸಲ ರಸ್ತೆಗೆ ಇಳಿಯಬೇಕು, ಏಳು ಸಲ ಮತ್ತೆ ಹತ್ತಬೇಕು. ನಾನು ಎಣಿಸಿದ್ದೇನೆ. ಮೊದಲು ವಾಕರನ್ನು ನಾನು ರಸ್ತೆಯಲ್ಲಿ ಇಡುತ್ತೇನೆ. ಆಮೇಲೆ ಅವಳು ನನ್ನ ಭುಜ ಹಿಡಿದು ಒಂದು ಕಾಲು ಇಳಿಸುತ್ತಾಳೆ, ಸ್ವಲ್ಪ ನಿಂತು ಇನ್ನೊಂದು. ಅಷ್ಟರಲ್ಲಿ ಹಿಂದಿನಿಂದ ಬೈಕಿನವರು ಹಾರ್ನ್ ಒತ್ತುತ್ತಾರೆ. ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಬಕೆಟ್ಟು ಜೋಡಿಸಿ ಕೂತ ಹುಡುಗ "ಸೈಡಿಗೆ ಬನ್ನಿ ಅಜ್ಜಿ" ಅನ್ನುತ್ತಾನೆ. ಸೈಡಿನಲ್ಲಿ ಅವನೇ ಕೂತಿದ್ದಾನಲ್ಲ!

ಆವತ್ತು ನನಗೆ ಹೊಟ್ಟೆಪಾಡು, ಬಡತನ ಯಾವ ಮಾತೂ ಕಿವಿಗೆ ಬೀಳುವುದಿಲ್ಲ. ನಡೆಯುವ ಜಾಗ ಇರುವುದು ನಡೆಯುವುದಕ್ಕೆ. ಅಡುಗೆಮನೆಯಲ್ಲಿ ಯಾರಾದರೂ ಬಂದು ಹಾಸಿಗೆ ಹಾಸಿದರೆ ಸುಮ್ಮನಿರುತ್ತೇವಾ?

ಸಿಟ್ಟು ನನ್ನದಾದರೂ ಅಳತೆ ನನ್ನದಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ ನಮ್ಮ ದೇಶದ ರಸ್ತೆಗಳಿಗೆ ಅಳತೆ ಗೊತ್ತು ಮಾಡುತ್ತದೆ. ಅದರ ಪ್ರಕಾರ ಮನೆಗಳಿರುವ ಬೀದಿಯಲ್ಲಿ ಫುಟ್‌ಪಾತಿನ ಮೇಲೆ ಏನೂ ಅಡ್ಡ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು. ಅಂಗಡಿ ಬೀದಿಯಲ್ಲಿ 2.5 ಮೀಟರ್. ಫುಟ್‌ಪಾತಿನ ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮ ಬೀದಿಯಲ್ಲಿ ಒಂದೊಂದು ಕಡೆ ಅದು ಅಮ್ಮನ ಮಂಡಿಯ ತನಕ ಬರುತ್ತದೆ, ಇರಲಿ, ಅದು ಬೇರೆ ಜಗಳ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲೇ ಬಂದಿದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಡ್ಡಿಯಿಲ್ಲದ ಫುಟ್‌ಪಾತು ಸಂವಿಧಾನದ 21ನೇ ವಿಧಿಯ ಹಕ್ಕಿನೊಳಗೇ ಬರುತ್ತದೆ ಎಂದು ಹೇಳಿತು. ಅಂದರೆ ಬದುಕುವ ಹಕ್ಕು. ಅಮ್ಮ ಕ್ಲಿನಿಕ್ಕಿಗೆ ಬೀಳದೆ ಹೋಗಿ ಬರುವುದು ಯಾರೋ ಮಾಡುವ ಉಪಕಾರವಲ್ಲ.

ಬೀದಿ ವ್ಯಾಪಾರಿಗಳ ಪರ ಮಾತಾಡುವವರು ಯಾವಾಗಲೂ 1985ರ ಓಲ್ಗಾ ಟೆಲಿಸ್ ತೀರ್ಪನ್ನು ಎತ್ತುತ್ತಾರೆ. ಮುಂಬೈನ ಫುಟ್‌ಪಾತಿನಲ್ಲಿ ವಾಸ ಮಾಡುತ್ತಿದ್ದವರ ಕೇಸು ಅದು. ಜೀವನೋಪಾಯವೂ ಬದುಕುವ ಹಕ್ಕಿನ ಭಾಗ ಎಂದು ಕೋರ್ಟು ಅದರಲ್ಲಿ ಹೇಳಿದ್ದು ನಿಜ. ಆದರೆ ಫುಟ್‌ಪಾತು ಇರುವುದು ಓಡಾಡುವವರಿಗೆ, ಅದನ್ನು ಸ್ವಂತಕ್ಕೆ ಹಿಡಿದು ಕೂರುವ ಹಕ್ಕು ಯಾರಿಗೂ ಇಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ಆ ಪುಟ ಬಂದಾಗ ಎಲ್ಲರಿಗೂ ಕನ್ನಡಕ ಸಿಗುವುದಿಲ್ಲ.

ಇನ್ನು "ಪಾಪ, ಬಡವರು" ಅನ್ನುವ ಮಾತು. ಎಲ್ಲರೂ ಬಡವರಾ? ಒಬ್ಬನೇ ನಾಲ್ಕು ಕಡೆ ಜಾಗ ಹಿಡಿದು, ದಿನಗೂಲಿಗೆ ಹುಡುಗರನ್ನು ಕೂರಿಸಿರುವುದನ್ನು ನೋಡಿದ್ದೇನೆ. ಹಿಂದಿನ ಅಂಗಡಿಯವನು ತನ್ನ ಬಾಗಿಲ ಮುಂದಿನ ಫುಟ್‌ಪಾತನ್ನು ಬಾಡಿಗೆಗೆ ಕೊಟ್ಟಿರುವುದೂ ಉಂಟು. ತನ್ನದಲ್ಲದ ಜಾಗಕ್ಕೆ ಬಾಡಿಗೆ! ಮೇಲೆ ಮಾಮೂಲು ಬೇರೆ. ಅದನ್ನು ಯಾರು ಯಾರಿಗೆ ಕೊಡುತ್ತಾರೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಒಟ್ಟಿನಲ್ಲಿ ಫುಟ್‌ಪಾತಿನ ಮೇಲೆ ಯಾರೂ ಪುಕ್ಕಟೆ ಕೂತಿಲ್ಲ. ದುಡ್ಡು ದಿನಾ ಕೈ ಬದಲಾಗುತ್ತಿದೆ, ಆದರೆ ಅದರಲ್ಲಿ ಒಂದು ರೂಪಾಯಿಯೂ ಅಮ್ಮನ ದಾರಿಗೆ ಕಲ್ಲು ಹಾಸಲು ಬರುವುದಿಲ್ಲ.

ನನ್ನ ಸ್ನೇಹಿತನೊಬ್ಬ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಅಡ್ವಾನ್ಸು, ಬಾಡಿಗೆ, ಕರೆಂಟು, ಟ್ರೇಡ್ ಲೈಸೆನ್ಸು, ಜಿಎಸ್‌ಟಿ ಎಲ್ಲ ಅವನ ತಲೆ ಮೇಲೆ. "ನಾನು ಮಾರುವ ನೈಟಿನೇ ನನ್ನ ಮೆಟ್ಟಿಲ ಮೇಲೆ ಐವತ್ತು ರೂಪಾಯಿ ಕಮ್ಮಿಗೆ ಮಾರ್ತಾರೆ ಕಣೋ. ಕೇಳಿದ್ರೆ ನಾನೇ ಕೆಟ್ಟವನು" ಅನ್ನುತ್ತಾನೆ. ಅವನ ಹೊಟ್ಟೆಪಾಡಿನ ಬಗ್ಗೆ ಯಾರೂ ಮೆರವಣಿಗೆ ಮಾಡುವುದಿಲ್ಲ.

ತಿಂಡಿ ಗಾಡಿಗಳದ್ದು ಇನ್ನೊಂದು ಕಥೆ. ಕುದಿಯುವ ಎಣ್ಣೆ ಬಾಣಲೆ, ಪಕ್ಕದಲ್ಲಿ ಸಿಲಿಂಡರು, ಅದಕ್ಕೆ ಒರಗಿಕೊಂಡು ಸ್ಕೂಲು ಬಿಟ್ಟ ಮಕ್ಕಳು. ತಟ್ಟೆ ತೊಳೆದ ನೀರು, ಎಣ್ಣೆ ಜಿಡ್ಡು, ಉಳಿದ ಅನ್ನ ಎಲ್ಲವೂ ಚಪ್ಪಡಿಯ ಸಂದಿಯಿಂದ ಚರಂಡಿಗೆ. ಮೊದಲ ಜೋರು ಮಳೆಗೆ ಅದು ಕಟ್ಟಿಕೊಂಡು ರಸ್ತೆ ಮೇಲೆ ಹರಿಯುತ್ತದೆ. ನಾನೂ ಅಲ್ಲಿ ಬೋಂಡಾ ತಿನ್ನುತ್ತೇನೆ. ತಿಂದ ಮಾತ್ರಕ್ಕೆ ಸರಿ ಆಗುವುದಿಲ್ಲ.

ಅವರು ಎಲ್ಲಿಗೆ ಹೋಗಬೇಕು ಅಂತ ಕೇಳಬಹುದು. ನಮ್ಮ ಕಡೆ ಸಂತೆ ಅನ್ನುವುದು ಇರಲಿಲ್ಲವಾ? ವಾರಕ್ಕೊಂದು ದಿನ, ಒಂದು ಮೈದಾನ, ಬಂದರು, ಮಾರಿದರು, ಹೋದರು. ಮೈದಾನ ಕೊಡಿ, ಕಟ್ಟಡ ಕಟ್ಟಿಕೊಡಿ, ಸಂಜೆ ಹೊತ್ತು ಒಂದು ರಸ್ತೆಗೆ ಗಾಡಿ ಬಿಡದೆ ಅಲ್ಲಿ ಕೂರಿಸಿ. ಬೇಡ ಅನ್ನುವವನು ನಾನಲ್ಲ. ನಡೆಯುವ ದಾರಿಯಲ್ಲಿ ಮಾತ್ರ ಬೇಡ. 2023ರ ನವೆಂಬರಿನಲ್ಲಿ ಪಾಲಿಕೆ ಜಯನಗರ ನಾಲ್ಕನೇ ಬ್ಲಾಕಿನ ಫುಟ್‌ಪಾತ್ ಅಂಗಡಿಗಳನ್ನು ಎತ್ತಂಗಡಿ ಮಾಡಿದಾಗ ಬಹಳ ಜನ ಬೈದರು. ನನ್ನ ಚಿಕ್ಕಮ್ಮನ ಮನೆ ಆ ಕಡೆಯೇ. ಅವಳು ಫೋನಿನಲ್ಲಿ ಹೇಳಿದ್ದು ಇಷ್ಟು: "ಎಷ್ಟೋ ವರ್ಷದ ಮೇಲೆ ಫುಟ್‌ಪಾತಿನ ಕಲ್ಲು ಯಾವ ಬಣ್ಣ ಅಂತ ನೋಡಿದೆ ಕಣೋ."

ವಿರೋಧ: ಶುಕ್ರವಾರದ ಮಾತು

ನಾವು ಅವರನ್ನು ಹೂವಮ್ಮ ಅಂತಲೇ ಕರೆಯುವುದು. ಹೆಸರು ಕೇಳಬೇಕು ಅಂತ ಇಷ್ಟು ವರ್ಷ ಯಾರಿಗೂ ಹೊಳೆದಿಲ್ಲ, ನನಗೂ. ಒಂದು ಬುಟ್ಟಿ, ಒಂದು ಗೋಣಿಚೀಲ, ಮಳೆಗೆ ಒಂದು ಟಾರ್ಪಾಲು. ಬೆಳಗಿನ ಜಾವ ಮೂರೂವರೆಗೆ ಎದ್ದು ಕೆ.ಆರ್. ಮಾರುಕಟ್ಟೆಗೆ ಹೋಗುತ್ತಾರೆ. ನಾಲ್ಕೈದು ಜನ ಸೇರಿ ಒಂದು ಗೂಡ್ಸ್ ಆಟೋ. ಕಾಕಡಾ, ಕನಕಾಂಬರ, ಸೇವಂತಿಗೆ ಬಿಡಿಹೂವು ತೂಕದ ಲೆಕ್ಕದಲ್ಲಿ ತಂದು, ಕೂತು ಕಟ್ಟಿ, ಮೊಳದ ಲೆಕ್ಕದಲ್ಲಿ ಮಾರುವುದು. ಲಾಭ ಇರುವುದು ಆ ಕಟ್ಟುವ ಬೆರಳುಗಳಲ್ಲಿ. ಸಂಜೆ ಉಳಿದ ಹೂವಿಗೆ ಮಾರನೇ ದಿನ ಬೆಲೆ ಇಲ್ಲ. ಫ್ರಿಜ್ಜಿಲ್ಲ, ಗೋಡೌನಿಲ್ಲ.

ಬಂಡವಾಳ? ಬೀದಿ ವ್ಯಾಪಾರದವರನ್ನು ಕೇಳಿದರೆ ಮೀಟರ್ ಬಡ್ಡಿ ಅನ್ನುತ್ತಾರೆ. ಬೆಳಿಗ್ಗೆ 900 ರೂಪಾಯಿ ಕೈಗೆ ಬಂದರೆ ಸಂಜೆ 1,000 ವಾಪಸ್ಸು. ಒಂದು ದಿನಕ್ಕೆ ನೂರು ರೂಪಾಯಿ ಬಡ್ಡಿ! ಇದರಿಂದ ಬಿಡಿಸಲೆಂದೇ 2018ರಲ್ಲಿ ರಾಜ್ಯ ಸರ್ಕಾರ ಬಡವರ ಬಂಧು ಅಂತ ಬಡ್ಡಿಯಿಲ್ಲದ ಸಾಲ ತಂದಿತು. 2020ರಲ್ಲಿ ಕೇಂದ್ರ ಸರ್ಕಾರದ ಪಿಎಂ ಸ್ವನಿಧಿ ಸಾಲ ಬಂತು, ಆಗ ಮೊದಲ ಕಂತು 10,000 ರೂಪಾಯಿ ಇತ್ತು. ಹೂವಮ್ಮನಿಗೆ ಸಿಕ್ಕಿತಾ ಅಂತ ಕೇಳಿದೆ. ಸಾಲಕ್ಕೆ ಗುರುತಿನ ಚೀಟಿ ಕೇಳಿದರಂತೆ. ಚೀಟಿ ಬೇಕಿದ್ದರೆ ಬೀದಿ ವ್ಯಾಪಾರಿಗಳ ಸರ್ವೆಯಲ್ಲಿ ಹೆಸರಿರಬೇಕು. ಸರ್ವೆಯವರು ಬಂದ ದಿನ ಇವರು ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದರಂತೆ. ಮುಗಿಯಿತು.

ಸೋಮವಾರ ನಾನು ಕಾನೂನು ಹೇಳಿದೆ. ಕಾನೂನು ಶುಕ್ರವಾರವೂ ಇರುತ್ತದೆ. 1989ರಲ್ಲಿ ಸೋದನ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಬೀದಿಯಲ್ಲಿ ವ್ಯಾಪಾರ ಮಾಡುವುದು ಮೂಲಭೂತ ಹಕ್ಕು ಅಂದಿದೆ. ಇಂಥದೇ ಜಾಗ ಬೇಕು ಅಂತ ಹಟ ಮಾಡುವ ಹಾಗಿಲ್ಲ, ನಿಯಮ ಹಾಕಬಹುದು, ಆದರೆ ವ್ಯಾಪಾರವೇ ಬೇಡ ಅನ್ನುವ ಹಾಗಿಲ್ಲ. 2014ರಲ್ಲಿ ಬೀದಿ ವ್ಯಾಪಾರಿಗಳಿಗಾಗಿಯೇ ಒಂದು ಕಾಯ್ದೆ ಬಂತು. ಅದನ್ನು ನಮ್ಮ ಬೀದಿಯಲ್ಲಿ ಎಷ್ಟು ಜನ ಓದಿದ್ದಾರೋ ಗೊತ್ತಿಲ್ಲ. ಅದರ ಪ್ರಕಾರ ಸರ್ವೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು. ಬೇರೆ ಕಡೆ ಕಳಿಸುವುದಾದರೆ 30 ದಿನ ಮೊದಲು ನೋಟಿಸು ಕೊಡಬೇಕು. ಹಣ್ಣು, ಸೊಪ್ಪಿನಂಥ ಕೆಡುವ ಮಾಲು ಹಿಡಿದುಕೊಂಡು ಹೋದರೆ ಅದೇ ದಿನ ಬಿಡಬೇಕು. ಪ್ರತಿ ಊರಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ಕನಿಷ್ಠ 40% ಜನ ವ್ಯಾಪಾರಿಗಳೇ ಇರಬೇಕು, ಅವರು ತಮ್ಮೊಳಗೆ ಓಟು ಹಾಕಿ ಆರಿಸಿದವರು.

ಆ ಕಾಯ್ದೆಯಲ್ಲಿ ಇನ್ನೊಂದು ಸಂಖ್ಯೆ ಇದೆ. ಊರಿನ ಜನಸಂಖ್ಯೆಯ 2.5% ವರೆಗೆ ಬೀದಿ ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು. ಬೆಂಗಳೂರಿನಲ್ಲಿ ಒಂದೇ ಕೋಟಿ ಜನ ಅಂತ ಹಿಡಿದರೂ ಎರಡೂವರೆ ಲಕ್ಷ ಆಯಿತು. ಅಷ್ಟು ಜನರಿಗೆ ಎಲ್ಲಿ ಜಾಗ ಅಂತ ಬಾಯಿ ಬಿಡಬೇಡಿ. ಜಾಗದ ಲೆಕ್ಕಕ್ಕೇ ಬರುತ್ತೇನೆ.

ಅಮ್ಮ ಏಳು ಸಲ ಇಳಿಯುತ್ತಾಳೆ ಅಂದೆನಲ್ಲ, ಯಾವುದಕ್ಕೆ ಇಳಿಯುತ್ತಾಳೆ ಅಂತ ಹೇಳಿರಲಿಲ್ಲ. ಒಂದು ಶುಕ್ರವಾರ ಅದೇ ದಾರಿಯಲ್ಲಿ ಒಬ್ಬನೇ ನಡೆದು ಬರೆದುಕೊಂಡೆ. ಒಂದು ಕಡೆ ಟ್ರಾನ್ಸ್‌ಫಾರ್ಮರ್ ಕಂಬ, ಫುಟ್‌ಪಾತಿನ ಪೂರ್ತಿ ಅಗಲಕ್ಕೆ. ಒಂದು ಕಡೆ ಕಾರು ಒಳಗೆ ಹೋಗಲಿ ಅಂತ ಮನೆಯವರು ಕಟ್ಟಿಸಿದ ಇಳಿಜಾರು. ಒಂದು ಕಡೆ ಚಪ್ಪಡಿಯೇ ಇಲ್ಲ, ಕೆಳಗೆ ಚರಂಡಿ ಕಾಣುತ್ತದೆ. ಎರಡು ಕಡೆ ನಿಲ್ಲಿಸಿದ ಸ್ಕೂಟರುಗಳು. ಉಳಿದ ಎರಡು ಕಡೆ ವ್ಯಾಪಾರಿಗಳು: ಬಕೆಟ್ಟಿನವನು, ಮತ್ತೊಬ್ಬ ಚಪ್ಪಲಿಯವನು. ಏಳರಲ್ಲಿ ಎರಡು. ಹೂವಮ್ಮ ಲೆಕ್ಕಕ್ಕೇ ಬರಲಿಲ್ಲ. ಅವರು ಕೂರುವುದು ಮರದ ಬುಡದಲ್ಲಿ, ಅಲ್ಲಿ ಹೇಗಿದ್ದರೂ ಯಾರೂ ನಡೆಯಲು ಆಗುವುದಿಲ್ಲ. ಆ ಎರಡು ಸ್ಕೂಟರು ಗುಂಪಿನಲ್ಲಿ ಒಂದರಲ್ಲಿ ನನ್ನದೂ ಒಂದು ನಿಂತಿರುತ್ತದೆ. ಹೂವು ತಗೊಳ್ಳುವಾಗ ಐದು ನಿಮಿಷ, ಅಷ್ಟೇ. ಎಲ್ಲರದ್ದೂ ಐದೇ ನಿಮಿಷ.

ಈಗ ಅಳತೆ. ಒಂದು ಕಾರು ನಿಲ್ಲಲು ಸುಮಾರು 5 ಮೀಟರ್ ಉದ್ದ, 2 ಮೀಟರ್ ಅಗಲ ಬೇಕು. 10 ಚದರ ಮೀಟರ್. ಹೂವಮ್ಮನ ಬುಟ್ಟಿ, ಗೋಣಿ, ಅವರು ಎಲ್ಲ ಸೇರಿ ಒಂದೂವರೆ ಚದರ ಮೀಟರ್. ಒಂದು ಕಾರಿನ ಜಾಗದಲ್ಲಿ ಆರು ಹೂವಮ್ಮಂದಿರು ಕೂರಬಹುದು, ಆರು ಸಂಸಾರ ನಡೆಯುತ್ತದೆ. ಈ ಊರಿನಲ್ಲಿ ನೋಂದಣಿ ಆದ ವಾಹನಗಳು ಕೋಟಿ ದಾಟಿವೆ. ನಮ್ಮ ಅಡ್ಡರಸ್ತೆಗಳಲ್ಲಿ ಅವು ಹಗಲೂ ರಾತ್ರಿ ಎರಡೂ ಕಡೆ ಬಿಟ್ಟಿಯಾಗಿ ನಿಂತಿರುತ್ತವೆ. ಅವು ಮಲಗುವ ಜಾಗಕ್ಕೆ ಒತ್ತುವರಿ ಅಂತ ಯಾರೂ ಹೇಳುವುದಿಲ್ಲ, ಪಾರ್ಕಿಂಗ್ ಅನ್ನುತ್ತೇವೆ. ಎತ್ತಂಗಡಿ ಲಾರಿ ಬಂದಾಗ ಬುಟ್ಟಿಯೇ ಮೊದಲು ಹೋಗುವುದು ಯಾಕೆ? ಬುಟ್ಟಿ ಹಗುರ, ಅದರ ಹಿಂದೆ ಫೋನು ಮಾಡುವವರಿಲ್ಲ.

ಕಟ್ಟಡದ ಮಾತಿಗೆ ಬರೋಣ. ಸೋಮವಾರ ನಾನೇ ಸುಲಭವಾಗಿ ಹೇಳಿಬಿಟ್ಟೆ, ಕಟ್ಟಿಕೊಡಿ ಅಂತ. ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಗೆ ಹೋಗಿ ನೋಡಿ. ಅಷ್ಟು ದೊಡ್ಡ ಕಟ್ಟಡ ಇದ್ದೂ ವ್ಯಾಪಾರ ಉಕ್ಕಿ ರಸ್ತೆಗೆ, ಮೇಲ್ಸೇತುವೆಯ ಕೆಳಗೆ ಬಂದಿದೆ. ಸೊಪ್ಪು, ಹೂವು, ನಿಂಬೆಹಣ್ಣು ಯಾರೂ ಪ್ಲಾನು ಮಾಡಿ ಕೊಳ್ಳುವ ಸಾಮಾನಲ್ಲ. ಬಸ್ಸಿಳಿದು ಮನೆಗೆ ನಡೆಯುವಾಗ ಕಣ್ಣಿಗೆ ಬಿದ್ದರೆ ಒಂದು ಕಟ್ಟು ದಂಟು, ಒಂದು ಕಟ್ಟು ಸಬ್ಸಿಗೆ. ಕಣ್ಣಿಗೆ ಬೀಳದಿದ್ದರೆ ಇಲ್ಲ. ನೆಲ ಮಹಡಿಯ ಮುಂದಿನ ಸಾಲು ದುಡ್ಡಿದ್ದವರಿಗೆ ಸಿಗುತ್ತದೆ. ಹೂವಮ್ಮನಂಥವರಿಗೆ ಮೂರನೇ ಮಹಡಿಯ ಮೂಲೆ. ನಾನು ಈ ಮಾತನ್ನು ಒಮ್ಮೆ ಅವರ ಹತ್ತಿರ ತೆಗೆದೆ. ಅವರು ದಾರ ಕಚ್ಚಿ ಹರಿದು, "ಅಣ್ಣಾ, ನೀವು ಗಾಡಿಯಿಂದನೇ ಇಳಿಯಲ್ಲ. ಮೂರು ಮೆಟ್ಲು ಹತ್ತಿ ಬಂದು ಎರಡು ಮೊಳ ತಗೋತೀರಾ?" ಅಂದರು. ಮೂರು ಮೆಟ್ಲು ಅಂದರೆ ಮೂರು ಮಹಡಿ ಅಂತ ಅವರ ಅರ್ಥ. ನಿಜ ಹೇಳಬೇಕೆಂದರೆ ನಾನು ಮೂರು ಮೆಟ್ಟಿಲೂ ಹತ್ತುವವನಲ್ಲ.

ಸಂತೆಯೂ ಅಷ್ಟೇ. ವಾರಕ್ಕೊಮ್ಮೆ ಸಂತೆ ಮಾಡಲು ಹೂವೇನು ರಾಗಿಯಾ? ದೇವರಿಗೆ ದಿನಾ ಬೇಕು.

ಮಲ್ಲೇಶ್ವರ, ಬಸವನಗುಡಿ ಎರಡೂ 1898ರ ಪ್ಲೇಗಿನ ಮೇಲೆ ಹುಟ್ಟಿದ ಬಡಾವಣೆಗಳು. ಗಾಳಿ ಬೆಳಕು ಇರಲಿ ಅಂತ ರಸ್ತೆ ಅಗಲ ಬಿಟ್ಟರು, ಮರ ನೆಟ್ಟರು. ಆ ಮರದ ಕೆಳಗೆ ಯಾವಾಗ ವ್ಯಾಪಾರ ಬಂದು ಕೂತಿತೋ, ನನ್ನ ಅಜ್ಜಿಯೂ ಎಂಟನೇ ಕ್ರಾಸಿನಲ್ಲೇ ಹೂವು ಕೊಂಡವಳು. ಐವತ್ತು ವರ್ಷ ದಾಟಿದ ಇಂಥ ಬೀದಿ ಮಾರುಕಟ್ಟೆಗಳನ್ನು ಪಾರಂಪರಿಕ ಅಂತ ಘೋಷಿಸಬೇಕು, ಅಲ್ಲಿನವರನ್ನು ಎಬ್ಬಿಸಬಾರದು ಅಂತ 2014ರ ಕಾಯ್ದೆಯೇ ಹೇಳುತ್ತದೆ. ನಾವು ಪಾರಂಪರಿಕ ಅಂದ ಕೂಡಲೇ ಕಲ್ಲಿನ ಕಟ್ಟಡ ಹುಡುಕುತ್ತೇವೆ. ಸಂಕ್ರಾಂತಿಯ ಕಬ್ಬು, ಗೌರಿ ಹಬ್ಬದ ಬಾಳೆಕಂಬ, ಆಯುಧ ಪೂಜೆಯ ಬೂದುಗುಂಬಳ, ಚಳಿಗಾಲದ ಸೊಗಡವರೆ, ಇವೆಲ್ಲ ಯಾವ ಅಂಗಡಿಯಿಂದ ಬಂದವು ನಿಮ್ಮ ಮನೆಗೆ? ಕಾರ್ತಿಕದ ಕೊನೆ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಫುಟ್‌ಪಾತಿನ ಮೇಲೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತೇವೆ. ಮಂಗಳವಾರ ಬೆಳಿಗ್ಗೆ ಒತ್ತುವರಿ ಅಂತ ದೂರು ಕೊಡುತ್ತೇವೆ.

ಇನ್ನೊಂದು ವಿಷಯ. ನನ್ನ ಮಗಳು ಟ್ಯೂಷನ್ ಮುಗಿಸಿ ರಾತ್ರಿ ಎಂಟೂವರೆಗೆ ಬರುತ್ತಾಳೆ. ಹತ್ತಿರದ ದಾರಿ ಬಿಟ್ಟು ಸುತ್ತು ಹಾಕಿ ಅಂಗಡಿ ಸಾಲಿನಲ್ಲೇ ಬರುತ್ತಾಳೆ. ಹತ್ತಿರದ ದಾರಿಯಲ್ಲಿ ಫುಟ್‌ಪಾತು ಖಾಲಿ ಇದೆ, ಚೆನ್ನಾಗಿಯೂ ಇದೆ, ಆದರೆ ಮನುಷ್ಯರಿಲ್ಲ. ಕಾಂಪೌಂಡು ಗೋಡೆ, ನಿಂತ ಕಾರುಗಳು, ಅಷ್ಟೇ. ಅಂಗಡಿ ಸಾಲಿನಲ್ಲಿ ಕಡಲೆಪುರಿಯವರು, ಹೂವಮ್ಮ, ಇಸ್ತ್ರಿಯವರು ಅವಳನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಒಂದು ದಿನ ಅವಳು ತಡ ಮಾಡಿದಾಗ ಈಗ ತಾನೇ ಹೋಯ್ತು ಮಗು ಅಂತ ನನಗೆ ಹೇಳಿದ್ದು ಸಿಸಿಟಿವಿ ಅಲ್ಲ.

ಹಾಗಾದರೆ ಅಮ್ಮನ ಗತಿ? ಅದನ್ನು ಬಿಟ್ಟು ಓಡಿಹೋಗುವುದಿಲ್ಲ. ಬಕೆಟ್ಟಿನವನೂ ಚಪ್ಪಲಿಯವನೂ ದಾರಿ ಬಿಡಬೇಕು, ಅದರಲ್ಲಿ ಮಾತಿಲ್ಲ. ಒಬ್ಬನೇ ನಾಲ್ಕು ಜಾಗ ಹಿಡಿದಿದ್ದರೆ ಮೂರು ಕಿತ್ತುಕೊಳ್ಳಿ. ಪ್ರಮಾಣಪತ್ರದಲ್ಲಿ ಹೆಸರು, ಜಾಗ ಬರೆದು ಕೊಟ್ಟರೆ ಬಾಡಿಗೆ ದಂಧೆಗೂ ಮಾಮೂಲಿಗೂ ಅರ್ಧ ಜೀವ ಹೋಗುತ್ತದೆ. ತಿಂಡಿ ಗಾಡಿಯ ಸಿಲಿಂಡರಿಗೆ ನಿಯಮ ಹಾಕಿ. ಮನೆ ಕಡೆಯಿಂದ 1.8 ಮೀಟರ್ ಅಳೆದು, ಅಂಗಡಿ ಬೀದಿಯಲ್ಲಿ 2.5 ಮೀಟರ್, ಒಂದು ಹಳದಿ ಗೆರೆ ಎಳೆಯಿರಿ. ಗೆರೆ ದಾಟಿದ ಬಕೆಟ್ಟು, ಸ್ಕೂಟರು, ಟ್ರಾನ್ಸ್‌ಫಾರ್ಮರು ಯಾವುದೂ ಬೇಡ. ಜಾಗ ಸಾಲದ ಕಡೆ ರಸ್ತೆಯಂಚಿನ ಪಾರ್ಕಿಂಗಿನಿಂದ ಒಂದು ಕಾರಿನ ಅಗಲ ತೆಗೆದು ವ್ಯಾಪಾರಿಗಳಿಗೆ ಕೊಡಿ. ಆಗ ಅವರು ಫುಟ್‌ಪಾತಿನಲ್ಲೂ ಇರುವುದಿಲ್ಲ, ಬೀದಿ ಬಿಟ್ಟೂ ಹೋಗಿರುವುದಿಲ್ಲ.

ಇದನ್ನು ನಮ್ಮ ಬೀದಿಯ ನಿವಾಸಿಗಳ ಸಭೆಯಲ್ಲಿ ಹೇಳಿ ನೋಡಿದೆ. ಗೆರೆ ಎಳೆಯುವುದಕ್ಕೆ ಎಲ್ಲರೂ ತಲೆಯಾಡಿಸಿದರು. ಪಾರ್ಕಿಂಗಿನ ಮಾತು ಬಂದಾಗ ಒಬ್ಬರು ವಾಚು ನೋಡಿಕೊಂಡರು, ಇನ್ನೊಬ್ಬರು ಕಾಫಿ ಬಂತಾ ಅಂತ ಕೇಳಿದರು. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಹೂವು ಮುಡಿದುಕೊಳ್ಳುತ್ತಾ, "ನೀನು ಮೊದಲು ಆ ಸ್ಕೂಟರು ಒಳಗೆ ಹಾಕು" ಅಂದಳು.